ಮೇಲಿನ ಸಾಲಿನ ಮೂರನೆಯ ಬಾಟಲಿ

ಔಷಧಶಾಸ್ತ್ರ ಓದುವ ಹುಡುಗರು ಪರೀಕ್ಷೆಗೆ ಹೋಗುವ ಮುನ್ನ ನನ್ನ ಮನೆಗೆ ಬಂದು ಕೇಳುವುದು ಒಂದೇ ಮಾತು. ‘ಕಾಕಾ, ಸರಾವ ಪರೀಕ್ಷಾದಾಗ ನೂರಕ್ಕ ತೊಂಬತ್ತು ಬಿದ್ದಾವ್ರಿ. ಖರೇ ಪರೀಕ್ಷಾದಾಗ ಪಾಸ್ ಆಗತೀನಿಲ್ರಿ?’ ಸರಾವ ಅಂದರೆ ತಾಲೀಮು. ನಮ್ಮ ಜತ್ತದ ಕಡೆ ಶಾಲೆಗೆ ಸೇರಿದ ಅರ್ಧ ಮಾತು ಮರಾಠಿಯಿಂದಲೇ ಬಂದದ್ದು.

‘ನನಗೆ ತೊಂಬತ್ತೆಂಟು ಬಿದ್ದಿದ್ದವು’ ಅನ್ನುತ್ತೇನೆ. ಅವರ ಮುಖ ಅರಳುತ್ತದೆ. ‘ಆಮೇಲೆ ನಪಾಸಾದೆ’ ಅನ್ನುತ್ತೇನೆ. ಆಗ ಅವರು ಚಪ್ಪಲಿ ಹುಡುಕತೊಡಗುತ್ತಾರೆ. ಹಾಗೆ ಎದ್ದು ಹೋದವರಿಗಾಗಿ ಇದನ್ನು ಬರೆದಿಡುತ್ತಿದ್ದೇನೆ. ನನಗೆ ಯಾವಾಗ ಬಡ್ತಿ ಸಿಕ್ಕಿತು, ಯಾವ ಸಾಹೇಬರು ಶಾಲು ಹೊದಿಸಿದರು ಎಂಬುದನ್ನೆಲ್ಲ ಬಿಟ್ಟಿದ್ದೇನೆ. ಶಾಲು ಹೊದಿಸಿದವರಿಗೆ ನನ್ನ ಹೆಸರೇ ಸರಿಯಾಗಿ ಗೊತ್ತಿರಲಿಲ್ಲ.

ನಾನು ಸಿದ್ರಾಮಪ್ಪ, ಕುಣಿಕೋಣೂರಿನವನು. ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂದ ಹೊಸತರಲ್ಲಿ ಡಫಳಾಪುರದ ಒಂದು ಧರ್ಮದ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದೆ. ಆ ದವಾಖಾನೆ ಈಗಿಲ್ಲ. ಆಗ ಗುಳಿಗೆಗಳ ಕಾಲ ಇನ್ನೂ ಬಂದಿರಲಿಲ್ಲ. ಡಾಕ್ಟರರು ಚೀಟಿಯಲ್ಲಿ ಬರೆದದ್ದನ್ನು ಕಂಪೌಂಡರನೇ ಅಳೆದು, ಅರೆದು, ಕಲಸಿ ಕೊಡಬೇಕು. ಬಾಟಲಿಯನ್ನು ರೋಗಿಯೇ ತರಬೇಕು. ಒಬ್ಬ ಕೊಬ್ಬರಿ ಎಣ್ಣೆಯ ಬಾಟಲಿ ತರುತ್ತಿದ್ದ, ಇನ್ನೊಬ್ಬ ಅತ್ತರಿನ ಬಾಟಲಿ ತಂದು ಅದರಲ್ಲಿ ಆರು ಹೊತ್ತಿನ ಔಷಧ ಹಿಡಿಸು ಎಂದು ಜಗಳಕ್ಕೆ ನಿಲ್ಲುತ್ತಿದ್ದ. ಒಂದು ಕಾಗದದ ಪಟ್ಟಿಯನ್ನು ಮಡಚಿ, ಕತ್ತರಿಯಿಂದ ಅಂಚು ಕತ್ತರಿಸಿ, ಗಂಜಿ ಹಚ್ಚಿ ಬಾಟಲಿಗೆ ಅಂಟಿಸಿದರೆ ಒಂದೊಂದು ಹೊತ್ತಿಗೆ ಎಷ್ಟು ಕುಡಿಯಬೇಕೆಂಬುದಕ್ಕೆ ಅದೇ ಗುರುತು. ಆ ಪಟ್ಟಿ ಕತ್ತರಿಸುವುದರಲ್ಲಿ ಇಡೀ ತಾಲೂಕಿನಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ಇದನ್ನು ನಾನೇ ಹೇಳಿಕೊಳ್ಳಬೇಕು, ಬೇರೆ ಯಾರೂ ಹೇಳಲಿಲ್ಲ.

ನನಗೆ ಕೆಲಸ ಕಲಿಸಿದ ಮುದುಕ ಕಂಪೌಂಡರರು ಮೊದಲ ದಿನವೇ ಒಂದು ಮಂತ್ರ ಕೊಟ್ಟಿದ್ದರು. ‘ಒಂದೊಂದು ಬಾಟ್ಲಿ ಮ್ಯಾಲಿನ ಚೀಟಿ ಓದಕೋತ ಕುಂತ್ರ ಸಂಜಿ ಆಗತೈತೋ ತಮ್ಮಾ. ಕೈಗೆ ಕಲಿಸು.’ ಕೈಗೆ ಕಲಿಸಿದೆ. ಕಪಾಟಿನಲ್ಲಿ ಮೂರು ಸಾಲು. ಮೇಲಿನ ಸಾಲಿನಲ್ಲಿ ಎಡದಿಂದ ಮೂರನೆಯದು ಭೇದಿ ನಿಲ್ಲಿಸುವ ಔಷಧ, ನಾಲ್ಕನೆಯದು ಹೊಟ್ಟೆ ಬಿಡಿಸುವ ಔಷಧ. ಎರಡೂ ಹಾಲಿನಷ್ಟು ಬಿಳುಪು, ಎರಡಕ್ಕೂ ಪೆಪ್ಪರಮೆಂಟಿನ ವಾಸನೆ, ಎರಡರ ತಳದಲ್ಲೂ ಬಿಳಿ ಗಸಿ. ಅವುಗಳ ಮೇಲಿನ ಇಂಗ್ಲಿಷ್ ಚೀಟಿಯನ್ನು ಬಿಟ್ಟರೆ ಬೇರೆ ಗುರುತಿರಲಿಲ್ಲ. ನಾನು ರೋಗಿಯ ಜೊತೆ ಮಳೆ ಬೆಳೆಯ ಮಾತಾಡುತ್ತಲೇ ಹಿಂದಕ್ಕೆ ಕೈ ಚಾಚಿ ಬೇಕಾದ ಬಾಟಲಿ ತೆಗೆಯುತ್ತಿದ್ದೆ. ಜನ ಬೆರಗಾಗಿ ನೋಡುತ್ತಿದ್ದರು. ನಾನೂ ಅವರು ನೋಡುವುದನ್ನೇ ನೋಡುತ್ತಿದ್ದೆ.

ನಮ್ಮಲ್ಲಿ ಬಾಟಲಿ ತೊಳೆಯಲು, ಗಾಯಕ್ಕೆ ಪಟ್ಟಿ ಕಟ್ಟಲು ದಸ್ತಗೀರ ಅಂತ ಒಬ್ಬನಿದ್ದ. ದರಿಬಡಚಿಯವನು. ಅವನ ಮನೆಯವರೆಲ್ಲ ವರ್ಷಕ್ಕೆ ಆರು ತಿಂಗಳು ಕೂಲಿ ಹುಡುಕಿಕೊಂಡು ಊರೂರು ಅಲೆಯುವವರು. ತಾಯಿಯನ್ನು ಒಂದು ಕಡೆ ನೆಲೆಯಾಗಿ ಕೂರಿಸಬೇಕೆಂದು ಇವನೊಬ್ಬ ದವಾಖಾನೆ ಹಿಡಿದಿದ್ದ. ಮರಾಠಿ ಏಳನೆಯ ಇಯತ್ತೆ ಪಾಸಾಗಿದ್ದ. ಇಂಗ್ಲಿಷನ್ನು ಬಾಟಲಿಗಳ ಮೇಲಿನ ಚೀಟಿ ನೋಡಿಯೇ ಕಲಿತಿದ್ದ. ಹಾಗಾಗಿ ಅವನಿಗೆ ಇಂಗ್ಲಿಷಿನಲ್ಲಿ ‘ವಿಷ’, ‘ಅಲುಗಾಡಿಸಿ’, ‘ಹಚ್ಚಲು ಮಾತ್ರ’ ಎಂಬ ಮಾತುಗಳು ಬರುತ್ತಿದ್ದವು, ‘ಗುಡ್ ಮಾರ್ನಿಂಗ್’ ಬರುತ್ತಿರಲಿಲ್ಲ.

ಒಂದು ದಿನ ಸರಕಾರದ ಹೊಸ ನಿಯಮ ಬಂತು. ಇನ್ನು ಮೇಲೆ ಪರೀಕ್ಷೆ ಪಾಸಾಗಿ ಲೈಸೆನ್ಸ್ ಪಡೆದವನೇ ಔಷಧ ಕಲಸಬೇಕು. ನನ್ನಂಥ ಮ್ಯಾಟ್ರಿಕ್ ಓದಿದವರು ಬೇಕಾದಷ್ಟು ಸಲ ಕೂಡಬಹುದು. ದಸ್ತಗೀರನಂಥವರಿಗೆ, ಐದು ವರ್ಷ ದವಾಖಾನೆಯಲ್ಲಿ ದುಡಿದಿದ್ದು ಡಾಕ್ಟರರು ಸಹಿ ಮಾಡಿಕೊಟ್ಟರೆ, ಒಂದೇ ಒಂದು ಸಲ ಅವಕಾಶ. ದವಾಖಾನೆಯಲ್ಲಿ ಇದ್ದದ್ದು ಕಂಪೌಂಡರನ ಒಂದೇ ಜಾಗ. ಅದು ನನ್ನದು ಎಂಬುದರಲ್ಲಿ ಯಾರಿಗೂ ಸಂಶಯವಿರಲಿಲ್ಲ, ನನಗಂತೂ ಇರಲೇ ಇಲ್ಲ. ಆದರೆ ಲೈಸೆನ್ಸ್ ಸಿಕ್ಕರೆ ದಸ್ತಗೀರನಿಗೆ ಬೇರೆಲ್ಲಾದರೂ ಕೆಲಸ ಸಿಗುತ್ತಿತ್ತು. ಸಿಗದಿದ್ದರೆ ಜೀವಮಾನವಿಡೀ ಬಾಟಲಿ ತೊಳೆಯಬೇಕು, ಇಲ್ಲವೇ ತಾಯಿಯ ಜೊತೆ ಗಂಟು ಕಟ್ಟಿಕೊಂಡು ಕೂಲಿಗೆ ಹೋಗಬೇಕು.

ನಮ್ಮ ಡಾಕ್ಟರರು ಅಪ್ಪಾಸಾಹೇಬರು. ಒಳ್ಳೆಯ ಮನುಷ್ಯ, ಆದರೆ ಹಿಂದೆ ಯಾವುದೋ ಪುಸ್ತಕದಲ್ಲಿ ಓದಿದ್ದನ್ನು ಮುಂದೆ ಕಣ್ಣಾರೆ ಕಂಡರೂ ಬದಲಿಸುವವರಲ್ಲ. ಅವರು ಗೋಡೆಗೆ ಒಂದು ಕರಿ ಹಲಗೆ ತೂಗುಹಾಕಿಸಿದರು. ‘ಪ್ರತಿ ಅಮಾಸಿಗೆ ಸರಾವ ಪರೀಕ್ಷಾ. ಸರಾವದಾಗ ಬಿದ್ದ ಮಾರ್ಕ್ಸಿನಾಗ ಹತ್ತು ಕಳೀರಿ, ಖರೇ ಪರೀಕ್ಷಾದ ಮಾರ್ಕ್ಸ್ ಸಿಗತಾವ. ಇದು ಶಾಸ್ತ್ರ’ ಎಂದರು. ಯಾವ ಶಾಸ್ತ್ರವೆಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಅಮಾವಾಸ್ಯೆಯ ದಿನ ನಮ್ಮ ಕಡೆ ಒಕ್ಕಲಿಗರು ನೇಗಿಲು ಹೂಡುವುದಿಲ್ಲ, ಬಾವಿಗೆ ಬಿದ್ದವನ ಹೊರತು ಯಾರೂ ದವಾಖಾನೆಗೂ ಬರುವುದಿಲ್ಲ. ಹಾಗಾಗಿ ಆ ದಿನ ನಮಗೆ ಬಿಡುವು.

ಪ್ರಶ್ನೆ ತೆಗೆಯುವವನು ನಾನು. ಮೇಲ್ವಿಚಾರಕ ನಾನು. ಮಾರ್ಕ್ಸ್ ಹಾಕುವವನು ನಾನು. ಪರೀಕ್ಷೆಗೆ ಕೂಡುವವನೂ ನಾನೇ. ಇದರಲ್ಲಿ ಏನೋ ಸರಿಯಿಲ್ಲ ಎಂದು ನನಗೆ ಒಮ್ಮೆಯೂ ಅನ್ನಿಸಲಿಲ್ಲ. ಈಗ ನಿಮಗೆ ನಗು ಬಂದರೆ ನಗಿರಿ, ನಾನು ತಡೆಯುವುದಿಲ್ಲ.

ಪರೀಕ್ಷೆಯ ರೀತಿ ಹೀಗೆ: ಸರದಿಯಂತೆ ಒಬ್ಬೊಬ್ಬರೂ ಒಂದು ತಾಸಿನಲ್ಲಿ ಎಂಟು ಔಷಧ ಕಲಸಬೇಕು. ಖರೆ ಪರೀಕ್ಷೆಯಲ್ಲಿ ಎಷ್ಟು ಹೊತ್ತಿನಲ್ಲಿ ಎಷ್ಟು ಕೇಳುತ್ತಾರೆಂದು ನಾವು ಯಾರೂ ವಿಚಾರಿಸಿರಲಿಲ್ಲ. ಬಿರುಸಾಗಿ ಮಾಡುವವನೇ ಜಾಣ ಎಂದು ತೀರ್ಮಾನಿಸಿದ್ದೆವು. ನಾನು ನನ್ನ ಸರದಿ ಮುಗಿಸಿ, ಸ್ಟೂಲಿನ ಮೇಲೆ ಕೂತು ಯಾರ ಕೈ ಕಪಾಟಿನ ಯಾವ ಜಾಗಕ್ಕೆ ಹೋಯಿತೆಂದು ನೋಡಿ ಮಾರ್ಕ್ಸ್ ಹಾಕುತ್ತಿದ್ದೆ. ಮೂರನೆಯದಕ್ಕೆ ಹೋಗಬೇಕಾದ ಕೈ ಮೂರನೆಯದಕ್ಕೆ ಹೋದರೆ ಪೂರಾ ಮಾರ್ಕ್ಸ್. ಮತ್ತೆ ಚೀಟಿ ನೋಡುವ ದರಕಾರವೇನು?

ಪರೀಕ್ಷೆಗೆ ಮೂವರು. ನಾನು, ದಸ್ತಗೀರ ಮತ್ತು ಈರಣ್ಣ. ಈರಣ್ಣ ಡಫಳಾಪುರದ ಕಾಳಿನ ವ್ಯಾಪಾರಿಯ ಮಗ, ಮ್ಯಾಟ್ರಿಕ್ ಮುಗಿಸಿ ನನ್ನ ಹತ್ತಿರ ಕೆಲಸ ಕಲಿಯಲು ಬರುತ್ತಿದ್ದ. ನಾನು ಕಲಿಸಿದ್ದನ್ನು ನನ್ನಷ್ಟೇ ಚಲೋ ಕಲಿತಿದ್ದ ಎಂದರೆ ಸಾಕು, ಅವನ ಗತಿ ನಿಮಗೆ ತಿಳಿಯುತ್ತದೆ. ಮೊದಲ ಅಮಾವಾಸ್ಯೆಗೆ ನನಗೆ ತೊಂಬತ್ತೈದು, ಈರಣ್ಣನಿಗೆ ಎಂಬತ್ತೆಂಟು, ದಸ್ತಗೀರನಿಗೆ ಮೂವತ್ತನಾಲ್ಕು.

ದಸ್ತಗೀರ ಒಂದೊಂದು ಬಾಟಲಿಯನ್ನೂ ಇಳಿಸಿ, ಬೆಳಕಿಗೆ ಹಿಡಿದು, ಚೀಟಿಯ ಮೇಲೆ ಬೆರಳಿಟ್ಟು, ಅಕ್ಷರ ಅಕ್ಷರವಾಗಿ ತುಟಿ ಅಲುಗಾಡಿಸಿ ಓದುತ್ತಿದ್ದ. ಸುರಿಯುವಾಗ ಮತ್ತೊಮ್ಮೆ ಓದುತ್ತಿದ್ದ. ತಿರುಗಿ ಇಡುವಾಗ ಮೂರನೆಯ ಸಲ. ತಾಸು ಮುಗಿಯುವಾಗ ಅವನವು ಮೂರು ಆಗಿದ್ದರೆ ಹೆಚ್ಚು.

‘ಲೇ ದಸ್ತಗೀರಾ, ಬಾಟ್ಲಿಗೆ ಮುತ್ತ ಕೊಡಾಕತ್ತೀಯೇನಲೇ? ಐದು ವರ್ಷ ಆತು, ಯಾವುದು ಎಲ್ಲಿ ಇರತೈತಿ ಅಂತ ಗೊತ್ತಾಗೂದಿಲ್ಲೇನು?’ ಎಂದು ನಾನು ರೇಗಿಸುತ್ತಿದ್ದೆ. ಈರಣ್ಣ ಹೊಟ್ಟೆ ಹಿಡಿದು ನಗುತ್ತಿದ್ದ.

‘ಗೊತ್ತೈತ್ರಿ ಅಣ್ಣಾ. ಆದ್ರ ತೊಳದು ತಿರುಗಿ ಇಡಾಂವ ನಾನs ಅಲ್ರಿ? ಅದಕ್ಕ ಓದತೀನ್ರಿ’ ಎನ್ನುತ್ತಿದ್ದ. ಮಂದ ಬುದ್ಧಿಯವನ ಮಾತು ಎಂದು ನಾನು ಅದನ್ನು ಅಲ್ಲಿಗೇ ಬಿಟ್ಟೆ.

ಮೂರನೆಯ ಅಮಾವಾಸ್ಯೆಗೆ ಎಂಟು ದಿನ ಮುಂಚಿನಿಂದ ಊರಿನಲ್ಲಿ ಒಂದು ವಿಚಿತ್ರ ಸುರುವಾಗಿತ್ತು. ಭೇದಿಗೆಂದು ಔಷಧ ಒಯ್ದವರು ಮರುದಿನ ಇನ್ನೂ ಜೋಲುಮುಖ ಹಾಕಿಕೊಂಡು ಬರುತ್ತಿದ್ದರು. ಹೊಟ್ಟೆ ಕಟ್ಟಿದೆ ಎಂದು ಒಯ್ದವರು ಮೂರು ದಿನ ಕಾದು, ಮುಖ ಕೆಂಪಗೆ ಮಾಡಿಕೊಂಡು ಬರುತ್ತಿದ್ದರು. ಡಾಕ್ಟರರು ಇದು ಬಾವಿಯ ನೀರಿನ ದೋಷ ಎಂದು ತೀರ್ಮಾನಿಸಿ, ತಾವೇ ನಿಂತು ಊರ ಬಾವಿಗೆ ಕೆಂಪು ಔಷಧದ ಪುಡಿ ಹಾಕಿಸಿದರು. ಒಂದೇ ಬಾವಿಯ ನೀರು ಒಬ್ಬನಿಗೆ ಬಿಡಿಸಿ ಇನ್ನೊಬ್ಬನಿಗೆ ಕಟ್ಟುವುದು ಹೇಗೆ ಎಂದು ಯಾರೂ ಕೇಳಲಿಲ್ಲ. ಡಾಕ್ಟರರು ಹೇಳಿದ ಮೇಲೆ ಮುಗಿಯಿತು.

ಆ ದಿನಗಳಲ್ಲೇ ಒಬ್ಬ ತಾಯಿ ಭೇದಿಯಾಗಿ ಸೋತು ಹೋಗಿದ್ದ ಕೂಸನ್ನು ತಂದಿದ್ದಳು. ಔಷಧ ಕೊಟ್ಟೆ. ಎರಡು ದಿನ ಬಿಟ್ಟು ಬಂದಳು, ಬಾಟಲಿಯಲ್ಲಿ ಅರ್ಧಕ್ಕಿಂತ ಹೆಚ್ಚು ಹಾಗೇ ಉಳಿದಿತ್ತು. ‘ಇದನ್ನ ಕುಡಿಸಿದ ಮ್ಯಾಲ ಹೆಚ್ಚಾತ್ರಿ ಯಪ್ಪಾ. ನಾನs ಬಿಡಿಸಿ, ತಿಳಿ ಗಂಜಿ ಉಪ್ಪು ಹಾಕಿ ಕುಡಿಸೀನಿ. ಈಗ ಕಣ್ಣ ತಗದೈತಿ’ ಎಂದಳು. ನನಗೆ ಸಿಟ್ಟು ನೆತ್ತಿಗೇರಿತು. ‘ಔಷಧ ಬಿಡಸಾಕ ನೀ ಏನ್ ಡಾಕ್ಟರೇನು? ಕೂಸಿಗೆ ಹೆಚ್ಚುಕಡಿಮಿ ಆಗಿದ್ರ ಯಾರ್ ಹೊಣಿ?’ ಎಂದು ನಾಲ್ಕು ಜನರೆದುರು ಅವಳಿಗೆ ಬೈದೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಹೋದಳು.

ಅಮಾವಾಸ್ಯೆ ಬಂತು. ಮೊದಲ ಪ್ರಶ್ನೆಯೇ ಭೇದಿ ನಿಲ್ಲಿಸುವ ಔಷಧ. ನನ್ನ ಕೈ ಮೂರನೆಯ ಬಾಟಲಿಗೆ ಹೋಯಿತು. ಈರಣ್ಣನದೂ ಅಲ್ಲಿಗೇ. ದಸ್ತಗೀರ ಮೂರನೆಯದನ್ನು ಇಳಿಸಿ ಓದಿದ, ತಿರುಗಿ ಇಟ್ಟ. ನಾಲ್ಕನೆಯದನ್ನು ಇಳಿಸಿ ಓದಿದ, ಅದನ್ನು ತೆಗೆದುಕೊಂಡ. ಅವನ ಮುಖ ಬಿಳಿಚಿಕೊಂಡಿತ್ತು.

‘ಅಣ್ಣಾ, ಒಂದ್ ಸ್ವಲ್ಪ ಈ ಚೀಟಿ ನೋಡ್ರಿಲ್ಲೆ…’

‘ಪರೀಕ್ಷಾದಾಗ ಮಾತಾಡಬಾರದು. ಬಾಯಿ ಮುಚ್ಚು.’

‘ಹಂಗಲ್ರಿ ಅಣ್ಣಾ, ಬಾಟ್ಲಿ…’

‘ಮುಚ್ಚು ಅಂದೆ!’

ಅವನು ಬಾಯಿ ಮುಚ್ಚಿದ. ತನ್ನ ಉತ್ತರದ ಹಾಳೆಯಲ್ಲಿ ಏನೋ ಬರೆದ. ನಾನು ಅದನ್ನು ಓದಲಿಲ್ಲ. ಕೈ ತಪ್ಪು ಜಾಗಕ್ಕೆ ಹೋದದ್ದನ್ನು ಕಣ್ಣಾರೆ ಕಂಡಿದ್ದೆನಲ್ಲ! ಆ ಉತ್ತರಕ್ಕೆ ಕೆಂಪು ಮಸಿಯಲ್ಲಿ ಒಂದು ದೊಡ್ಡ ಸೊನ್ನೆ ಸುತ್ತಿ, ಕೆಳಗೆ ಸಹಿ ಮಾಡಿದೆ. ಆ ಸಲ ನನಗೆ ತೊಂಬತ್ತೆಂಟು. ಮರುದಿನದಿಂದ ಊರಿನ ಹೊಟ್ಟೆಗಳೆಲ್ಲ ತಾವಾಗಿಯೇ ಸರಿಹೋದವು. ಕೆಂಪು ಪುಡಿ ಕೆಲಸ ಮಾಡಿತೆಂದು ಡಾಕ್ಟರರು ಮೇಲಿನವರಿಗೆ ವರದಿ ಬರೆದರು.

ಅರ್ಜಿಗೆ ಸಹಿ ಮಾಡುವ ದಿನ ದಸ್ತಗೀರ ಕೈ ಜೋಡಿಸಿ ನಿಂತ. ಡಾಕ್ಟರರು ಕರಿ ಹಲಗೆ ತೋರಿಸಿದರು. ‘ಮೂವತ್ತನಾಲ್ಕು, ಇಪ್ಪತ್ತೊಂಬತ್ತು, ಇಪ್ಪತ್ತಾರು. ಹತ್ತು ಕಳದ್ರ ಏನ್ ಉಳೀತೈತೋ? ಏನ್ ಸಿದ್ರಾಮಪ್ಪ, ನಿನಗ ಏನ್ ಅನಸತೈತಿ?’

ನಾನು ಏನು ಹೇಳಿದೆನೆಂಬುದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ. ‘ಸುಮ್ನ ಯಾಕ ಹೋಗಿ ಮಾನ ಕಳಕೊಳ್ಳಬೇಕ್ರಿ ಸಾಹೇಬ್ರ? ದವಾಖಾನಿ ಹೆಸರಿಗೂ ಮಸಿ’ ಎಂದೆ.

ದಸ್ತಗೀರ ನನ್ನ ಕಡೆ ನೋಡಲಿಲ್ಲ. ‘ಇದೊಂದs ಸಲ ಐತ್ರಿ ಸಾಹೇಬ್ರ. ನಪಾಸಾದ್ರ ಮತ್ತ ನಿಮ್ಮ ಮುಂದ ಬಂದು ನಿಲ್ಲೂದಿಲ್ರಿ. ಅವ್ವಗ ಈ ಸಲ ಮಂದಿ ಸಂಗಾಟ ಕೂಲಿಗೆ ಹೋಗಬ್ಯಾಡ ಅಂತ ಹೇಳಿ ಬಂದೀನ್ರಿ’ ಎಂದ.

ಡಾಕ್ಟರರು ಸ್ವಲ್ಪ ಯೋಚಿಸಿದರು. ಅವರ ಮುಖದಲ್ಲಿ ದಯೆ ಮೂಡಿತೆಂದು ನಾನು ಅಂದುಕೊಂಡೆ. ‘ಆತು, ಇಂವನೂ ಹೋಗಲಿ’ ಎಂದರು. ‘ಇಬ್ಬರು ಪಾಸು, ಒಬ್ಬ ನಪಾಸು ಅಂತ ಬಂದ್ರ ನನ್ನ ಶಾಸ್ತ್ರ ಎರಡೂ ಕಡಿಯಿಂದ ಖರೆ ಆಗತೈತಿ.’

ಪರೀಕ್ಷೆ ಪುಣೆಯಲ್ಲಿ. ಒಳಗೆ ಹೋಗಿ ನೋಡುತ್ತೇನೆ, ಗೋಡೆಯುದ್ದಕ್ಕೂ ಕಪಾಟು, ಎಲ್ಲ ಬಾಟಲಿಗಳೂ ಒಂದೇ ಅಳತೆ, ಒಂದೇ ಕಂದು ಬಣ್ಣ, ಇಂಗ್ಲಿಷ್ ಅಕ್ಷರಗಳ ಕ್ರಮದಲ್ಲಿ ನಿಂತಿವೆ. ಕೊಟ್ಟದ್ದು ಎರಡು ತಾಸು, ಕೇಳಿದ್ದು ಮೂರೇ ಔಷಧ. ಇಷ್ಟೇನಾ ಎಂದು ನಾನು ಒಳಗೊಳಗೇ ನಕ್ಕೆ. ಅಮಾವಾಸ್ಯೆಯ ರಭಸದಲ್ಲೇ ಕೆಲಸ ಸುರು ಮಾಡಿದೆ. ಮೊದಲಿನ ಎರಡಕ್ಕೆ ಹೇಗೋ ಚೀಟಿ ನೋಡಿದೆ. ಮೂರನೆಯದು ಭೇದಿ ನಿಲ್ಲಿಸುವ ಔಷಧ. ಅಷ್ಟರಲ್ಲಿ ನನ್ನ ಕೈಗೆ ಹುರುಪು ಬಂದಿತ್ತು. ಅದು ತಾನಾಗಿಯೇ ಮೇಲಿನ ಸಾಲಿನ ಮೂರನೆಯ ಬಾಟಲಿಗೆ ಹೋಯಿತು. ಬಗ್ಗಿಸಿದರೆ ಬೆಳ್ಳಗೆ ಸುರಿಯಿತು. ಬೆಳ್ಳಗೆ ಇದೆ ಎಂದರೆ ಮುಗಿಯಿತಲ್ಲ! ಅರ್ಧ ತಾಸಿನಲ್ಲಿ ಎಲ್ಲ ಮುಗಿಸಿ, ಹೊತ್ತಿನ ಪಟ್ಟಿಯನ್ನು ಅಂದವಾಗಿ ಕತ್ತರಿಸಿ ಅಂಟಿಸಿ, ಕೈಕಟ್ಟಿ ನಿಂತು ಉಳಿದವರನ್ನು ನೋಡಿದೆ. ದೂರದ ಮೂಲೆಯಲ್ಲಿ ದಸ್ತಗೀರ ಮೊದಲನೆಯ ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದಿದ್ದ. ಅಯ್ಯೋ ಪಾಪ ಅನ್ನಿಸಿತು.

ಪರೀಕ್ಷಕರು ಬಂದರು. ನಾನು ಕಲಸಿಟ್ಟ ಮೂರನೆಯ ಔಷಧದ ಬೂಚು ತೆಗೆದು ಮೂಸಿದರು. ಏನೂ ಹೇಳದೆ ಅದನ್ನು ನನ್ನ ಮೂಗಿನ ಕೆಳಗೆ ಹಿಡಿದರು. ವರ್ಷಗಟ್ಟಲೆ ಔಷಧದ ವಾಸನೆಯಲ್ಲೇ ಇದ್ದ ನನ್ನ ಮೂಗಿಗೂ ಅದು ತಟ್ಟಿತು. ಟರ್ಪೆಂಟೈನ್! ಕೀಲುನೋವಿಗೆ ತಿಕ್ಕುವ ಬಿಳಿ ಎಣ್ಣೆ. ನಾನು ಸುರಿದುಕೊಂಡ ಕಪಾಟಿನ ಬಾಟಲಿಯ ಮೇಲೆ ಕೆಂಪಕ್ಷರದಲ್ಲಿ ‘ಹಚ್ಚಲು ಮಾತ್ರ’ ಎಂದು ಬರೆದಿತ್ತು.

‘ಎಷ್ಟು ವರ್ಷದಿಂದ ಕೆಲಸ?’ ಅವರು ಮರಾಠಿಯಲ್ಲಿ ಕೇಳಿದರು.

‘ಒಂಬತ್ತು.’

‘ಊರಲ್ಲಿ ಇನ್ನೂ ಜನ ಇದ್ದಾರೆಯೇ?’

ಸುತ್ತಲಿದ್ದವರು ನಕ್ಕರು. ಪಟ್ಟಿ ಚೆನ್ನಾಗಿ ಕತ್ತರಿಸಿದ್ದೀರಿ ಎಂದೂ ಪರೀಕ್ಷಕರು ಹೇಳಿದರು. ಅದನ್ನು ಹೊಗಳಿಕೆ ಎಂದು ತಿಳಿಯುವಷ್ಟು ದಡ್ಡನಾಗಿರಲಿಲ್ಲ ನಾನು.

ಫಲಿತಾಂಶ ಟಪಾಲಿನಲ್ಲಿ ಬಂತು. ನಾನು ನಪಾಸು, ಈರಣ್ಣ ನಪಾಸು, ದಸ್ತಗೀರ ಪಾಸು. ಡಾಕ್ಟರರು ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿದರು. ಕರಿ ಹಲಗೆಯನ್ನೂ ನೋಡಿದರು. ಕೊನೆಗೆ, ‘ಪರೀಕ್ಷಾ ತಗೊಂಡವ್ರs ಎಲ್ಲೋ ತಪ್ಪ ಮಾಡ್ಯಾರ’ ಎಂದರು. ಈರಣ್ಣ ತಂದೆಯ ಅಂಗಡಿಗೆ ಹೋಗಿ ಕೂತ. ನಿಯಮದ ಪ್ರಕಾರ ಕಂಪೌಂಡರನ ಜಾಗಕ್ಕೆ ದಸ್ತಗೀರ ಬಂದ. ಖಾಲಿ ಉಳಿದದ್ದು ಅವನ ಜಾಗ.

ಕುಣಿಕೋಣೂರಿಗೆ ಹೋಗಿ ಹೊಲ ನೋಡಿಕೊಳ್ಳುತ್ತೇನೆ ಎಂದು ಮನೆಯಲ್ಲಿ ಕೂಗಾಡಿದೆ. ನನ್ನ ಹೆಂಡತಿ ಶಾಂತವ್ವ ರೊಟ್ಟಿ ಬಡಿಯುತ್ತಿದ್ದವಳು ತಲೆ ಎತ್ತಲಿಲ್ಲ. ‘ಹೋಗ್ರಿ. ಆದ್ರ ಬೀಜದ ಚೀಲ ನೋಡಿ ಬಿತ್ರಿ, ಮೂರನೇದು ಅಂತ ಬಿತ್ತಬ್ಯಾಡ್ರಿ’ ಎಂದಳು. ಮರುದಿನ ನಾನು ತೆಪ್ಪಗೆ ಹೋಗಿ ಬಾಟಲಿ ತೊಳೆಯಲು ಕೂತೆ.

‘ಏನ್ ಹುಕುಂರಿ ಕಂಪೌಂಡರ್ ಸಾಹೇಬ್ರ?’ ಎಂದು ದಸ್ತಗೀರನನ್ನು ಕುಟುಕಿದೆ.

‘ಹಂಗ ಅನಬ್ಯಾಡ್ರಿ ಅಣ್ಣಾ, ನನಗ ತ್ರಾಸ ಆಗತೈತಿ’ ಎಂದ.

ತೊಳೆಯಲು ಕೂತ ಮೇಲೆ ನನಗೆ ಕಪಾಟಿನ ಹಿಂಬದಿ ಕಂಡಿತು. ಹನ್ನೆರಡು ಬಾಟಲಿ ಇಳಿಸಿ, ತೊಳೆದು, ಬಿಸಿಲಿಗೆ ಒಣಗಿಸಿ, ತುಂಬಿ ತಿರುಗಿ ಇಡುವಾಗ ಯಾವುದು ಎಲ್ಲಿತ್ತೆಂದು ತಲೆ ಗಿರ್ ಎನ್ನುತ್ತಿತ್ತು. ಒಂದು ದಿನ ಮೂರನೆಯದನ್ನೂ ನಾಲ್ಕನೆಯದನ್ನೂ ಕೈಯಲ್ಲಿ ಹಿಡಿದು ಹಾಗೇ ನಿಂತುಬಿಟ್ಟೆ.

ದಸ್ತಗೀರ ನನ್ನನ್ನು ನೋಡುತ್ತಿದ್ದ. ಒಳಗೆ ಹೋಗಿ ತನ್ನ ಟ್ರಂಕಿನಿಂದ ಮಡಚಿದ ಹಾಳೆಯೊಂದನ್ನು ತಂದ. ಆ ಅಮಾವಾಸ್ಯೆಯ ಉತ್ತರ. ನನ್ನ ಕೆಂಪು ಸೊನ್ನೆ, ನನ್ನ ಸಹಿ. ಅದರ ಪಕ್ಕದಲ್ಲಿ ಅವನ ಅಕ್ಷರ: ‘ಮೂರು ಮತ್ತು ನಾಲ್ಕು ಅದಲುಬದಲು ಆಗಿವೆ. ಚೀಟಿ ನೋಡಿ ನಾಲ್ಕರಿಂದ ತೆಗೆದುಕೊಂಡಿದ್ದೇನೆ.’

‘ತೊಳದು ಇಡೂ ಮುಂದ ನಾನs ಅದಲುಬದಲು ಇಟ್ಟಿದ್ದೆ ಅಣ್ಣಾ. ನನಗೂ ಗೊತ್ತಿರಲಿಲ್ಲ, ಅವತ್ತ ಓದಿದಾಗ ಗೊತ್ತಾತು. ನಿಮಗ ಹೇಳಾಕ ಬಂದೆ, ನೀವು ಬಾಯಿ ಮುಚ್ಚು ಅಂದ್ರಿ. ಆಮ್ಯಾಲ ಅರ್ಜಿಗೆ ಸಾಹೇಬ್ರ ಸಹಿ ತಪ್ಪೀತು ಅಂತ ಹೆದರಿಕಿ ಆತು. ಯಾರಿಗೂ ಹೇಳದ ಸರಿ ಮಾಡಿ ಇಟ್ಟೆ.’

ಎಂಟು ದಿನ. ನಾನು ಮಳೆ ಬೆಳೆಯ ಮಾತಾಡುತ್ತ, ಹಿಂದಕ್ಕೆ ಕೈ ಚಾಚಿ ಭೇದಿಯವರಿಗೆ ಭೇದಿ ಮಾಡಿಸುವ ಔಷಧವನ್ನೇ ಕೊಟ್ಟಿದ್ದೆ. ಆ ಕೂಸು ನೆನಪಾಯಿತು. ಔಷಧ ಬಿಡಿಸಿದ್ದಕ್ಕೆ ನಾನು ಬೈದ ತಾಯಿ ನೆನಪಾದಳು. ಅವಳು ನನ್ನ ಮಾತು ಕೇಳಿ ಬಾಟಲಿ ಖಾಲಿ ಮಾಡಿದ್ದರೆ? ತೊಳೆದಿಟ್ಟ ಬಾಟಲಿಗಳ ನಡುವೆಯೇ ಕುಸಿದು ಕೂತು ಅತ್ತೆ. ದಸ್ತಗೀರನೂ ಅತ್ತ.

ಇಬ್ಬರೂ ಹೋಗಿ ಡಾಕ್ಟರರಿಗೆ ಎಲ್ಲ ಹೇಳಿದೆವು. ಅವರು ಕನ್ನಡಕ ತೆಗೆದು ಒರೆಸಿದರು. ‘ಅದು ಬಾವಿ ನೀರಿನಿಂದ ಆಗಿದ್ದು. ವರದಿ ಹೋಗೇತಿ’ ಎಂದರು. ನಾನು ಆ ತಾಯಿಯ ಮನೆಗೆ ಹೋದೆ. ಕೂಸು ಅಂಗಳದಲ್ಲಿ ಅಂಬೆಗಾಲಿಡುತ್ತಿತ್ತು. ‘ತಪ್ಪು ನಂದವ್ವಾ’ ಎಂದೆ. ಅವಳಿಗೆ ಏನು ತಿಳಿಯಿತೋ, ಒಂದು ತಂಬಿಗೆ ಮಜ್ಜಿಗೆ ತಂದುಕೊಟ್ಟಳು.

ಮುಂದಿನ ಪರೀಕ್ಷೆಗೆ ನನ್ನ ಸರಾವ ತೆಗೆದುಕೊಂಡವನು ದಸ್ತಗೀರ. ಪ್ರತಿ ಅಮಾವಾಸ್ಯೆಗೆ ಮುನ್ನ ಕಪಾಟಿನ ಎಲ್ಲ ಬಾಟಲಿಗಳನ್ನೂ ಬೇರೆ ಬೇರೆ ಜಾಗಕ್ಕೆ ಸರಿಸಿ ಇಡುತ್ತಿದ್ದ. ಮೊದಲ ಸಲ ನನಗೆ ಬಿದ್ದದ್ದು ಮೂವತ್ತೊಂದು. ಡಾಕ್ಟರರು ಹತ್ತು ಕಳೆದು ತಲೆ ಅಲ್ಲಾಡಿಸಿದರು. ‘ಈಗ ಸುರು ಆತು ನೋಡ್ರಿ ಅಣ್ಣಾ, ನೀವು ಓದಾಕ ಹತ್ತೀರಿ’ ಎಂದ ದಸ್ತಗೀರ. ಆ ಸಲ ಪುಣೆಯಲ್ಲಿ ಎಲ್ಲರಿಗಿಂತ ಕೊನೆಗೆ ಹೊರಗೆ ಬಂದವನು ನಾನು. ಪಾಸಾದೆ.

ಅಷ್ಟರಲ್ಲಿ ದಸ್ತಗೀರನಿಗೆ ಬೇರೆ ತಾಲೂಕಿನ ದವಾಖಾನೆಯಲ್ಲಿ ಜಾಗ ಸಿಕ್ಕಿತು. ತಾಯಿಯನ್ನು ಕರೆದುಕೊಂಡು ಹೊರಟ. ಹೊರಡುವ ದಿನ ಆ ಹಾಳೆಯನ್ನು ಬೇಡಿದೆ, ಸೊನ್ನೆ ಹೊಡೆದು ಹಾಕಿ ಪೂರಾ ಮಾರ್ಕ್ಸ್ ಹಾಕಿಕೊಡುತ್ತೇನೆ ಎಂದೆ. ಹಾಳೆ ಕೊಟ್ಟ. ‘ತಿದ್ದಬ್ಯಾಡ್ರಿ, ಹಂಗs ಇರ್ಲಿ’ ಎಂದ.

ಹಾಗೇ ಇದೆ. ನನ್ನ ಲೈಸೆನ್ಸಿಗೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದೇನೆ, ಅದರ ಹಿಂಬದಿಗೆ ಆ ಹಾಳೆ ಅಂಟಿಸಿದ್ದೇನೆ. ತೊಂಬತ್ತು ಬಿದ್ದಿವೆ ಎಂದು ಬಂದ ಹುಡುಗರಲ್ಲಿ ಯಾರಾದರೂ ಚಪ್ಪಲಿ ಹುಡುಕದೆ ಕೂತರೆ, ಕಟ್ಟನ್ನು ಇಳಿಸಿ ತಿರುಗಿಸಿ ತೋರಿಸುತ್ತೇನೆ. ಅವರು ಓದುತ್ತಾರೆ. ಆಮೇಲೆ ಕೇಳುತ್ತಾರೆ, ‘ಈ ಸೊನ್ನಿ ಯಾರದ್ರಿ ಕಾಕಾ?’

‘ನಂದು’ ಎನ್ನುತ್ತೇನೆ.